ಟೆಂಡರ್ ಎಲ್ಲರಿಗೂ ಕಾಣುತ್ತದೆ, ಬಾಕಿ ಬಿಲ್ ಪಟ್ಟಿ ಯಾಕೆ ಕಾಣಲ್ಲ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯ ಸಣ್ಣ ಗುತ್ತಿಗೆದಾರ. ಶಾಲಾ ಕೊಠಡಿ, ಅಂಗನವಾಡಿ, ಚರಂಡಿ, ಸಿಸಿ ರಸ್ತೆ, ಇಂಥ ಕೆಲಸ ಮಾಡುತ್ತೇನೆ. ಇಲ್ಲಿ ಇಲಾಖೆಯಲ್ಲಿ ಇದ್ದವರು, ಮಾಲು ಸಪ್ಲೈ ಮಾಡುವವರು, ಆರ್‌ಟಿಐ ಹಾಕುವವರು ಎಲ್ಲರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ರಾಜ್ಯದ ಟೆಂಡರ್ ಪಾರದರ್ಶಕತೆ ಕಾಯ್ದೆ, ನಾವೆಲ್ಲ ಕೆಟಿಪಿಪಿ ಅನ್ನುವುದು, 1999ರದ್ದು. 2000ದಲ್ಲಿ ಜಾರಿಗೆ ಬಂತು. 2007ರಿಂದ ಇ-ಪ್ರೊಕ್ಯೂರ್‌ಮೆಂಟ್ ಇದೆ, ಈಗ ಕೆಪಿಪಿಪಿ ಅನ್ನುವ ರಾಜ್ಯದ ಖರೀದಿ ಪೋರ್ಟಲ್. ಮೊದಲಿನ ಹಾಗೆ ಟೆಂಡರ್ ಫಾರಂ ಕೊಡದೆ ಬಾಗಿಲು ಹಾಕಿಕೊಳ್ಳುವುದು, ಪೆಟ್ಟಿಗೆ ಹತ್ತಿರ ಹುಡುಗರನ್ನು ನಿಲ್ಲಿಸುವುದು, ಅದೆಲ್ಲ ಈಗ ನಡೆಯಲ್ಲ. ಯಾರು ಟೆಂಡರ್ ಹಾಕಿದರು, ಯಾರು ಟೆಕ್ನಿಕಲ್‌ನಲ್ಲಿ ಬಿದ್ದರು, ಎಲ್-1 (ಅತಿ ಕಡಿಮೆ ದರ ಹಾಕಿದವರು) ಯಾರು, ಎಷ್ಟಕ್ಕೆ ಹಾಕಿದ್ದಾರೆ, ಮನೆಯಲ್ಲಿ ಕೂತು ನೋಡಬಹುದು. ಇದು ನಿಜವಾಗಿಯೂ ಒಳ್ಳೆಯ ಕೆಲಸ.

ಆದರೆ ವರ್ಕ್ ಆರ್ಡರ್ ಕೈಗೆ ಬಂದ ಮೇಲೆ ಆ ಬೆಳಕು ಆರಿಹೋಗುತ್ತದೆ. ಬಿಲ್ ಬರೆದರಾ, ಯಾರ ಟೇಬಲ್ ಮೇಲಿದೆ, ನನಗಿಂತ ಮುಂದೆ ಎಷ್ಟು ಬಿಲ್ ಇವೆ, ಈ ತಿಂಗಳು ಎಷ್ಟು ಅನುದಾನ ಬಂತು, ಯಾರಿಗೆ ಹೋಯಿತು, ಒಂದೂ ಗೊತ್ತಾಗಲ್ಲ. ನಾನು ಕಟ್ಟಿದ ಒಂದು ಶಾಲೆಯ ಎರಡು ಕೊಠಡಿಗಳಲ್ಲಿ ಮಕ್ಕಳು ಕೂತು ಪಾಠ ಕೇಳುತ್ತಿದ್ದಾರೆ. ಬಿಲ್ ಇನ್ನೂ ಬಂದಿಲ್ಲ. ನನ್ನ ನಂತರ ಕೆಲಸ ಮುಗಿಸಿದವರೊಬ್ಬರು ದುಡ್ಡು ಬಂತು ಅಂತ ಅವರ ಬಾಯಲ್ಲೇ ಹೇಳಿದರು. ಕಚೇರಿಯಲ್ಲಿ ಕೇಳಿದರೆ 'ಅವರದು ಬೇರೆ ಹೆಡ್ ಅಪ್ಪಾ' ಅಂತಾರೆ, ಅಂದರೆ ಅನುದಾನದ ಲೆಕ್ಕಶೀರ್ಷಿಕೆ ಬೇರೆ ಅಂತ. ಇರಬಹುದು. ಇಲ್ಲದೆಯೂ ಇರಬಹುದು. ನೋಡಿ ತಿಳಿದುಕೊಳ್ಳುವುದಕ್ಕೆ ನನ್ನ ಹತ್ತಿರ ಒಂದು ಹಾಳೆಯೂ ಇಲ್ಲ.

2025ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಬಾಕಿ 30 ಸಾವಿರ ಕೋಟಿ ದಾಟಿದೆ ಎಂದಿತು. ಆ ಲೆಕ್ಕ ಸರಿಯೋ ತಪ್ಪೋ, ಜನ ತಾವೇ ನೋಡುವ ಜಾಗವೇ ಇಲ್ಲ. ನನ್ನ ಕೇಳಿಕೆ ಇಷ್ಟೇ. ಟೆಂಡರ್ ಹಾಕುವ ಪೋರ್ಟಲ್‌ನಲ್ಲೇ ಬಾಕಿ ಬಿಲ್‌ಗಳ ಜ್ಯೇಷ್ಠತಾ ಪಟ್ಟಿಯನ್ನೂ, ಅಂದರೆ ಯಾರ ಬಿಲ್ ಮೊದಲು, ಯಾರದು ಆಮೇಲೆ ಅನ್ನುವ ಸರದಿಯನ್ನೂ, ಹಾಕಲಿ. ಇದು ಆಗುವ ಮಾತಾ? ಅಡ್ಡ ಏನಿದೆ?

ಹಳೇ ಎಂಬಿ

ತುಂಗಾತೀರ ಅವರೇ, ನಾನು ಒಂದು ಎಂಜಿನಿಯರಿಂಗ್ ಇಲಾಖೆಯಲ್ಲಿ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಆಗಿ ನಿವೃತ್ತನಾದವನು. ಒಳಗೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಹೊರಗಿನವರಿಗೆ 'ಬಿಲ್ ಪೆಂಡಿಂಗ್' ಅನ್ನುವುದು ಒಂದೇ ಮಾತು, ಒಳಗೆ ಅದು ಐದಾರು ಬೇರೆ ಬೇರೆ ಜಾಗ.

ಮೊದಲು ಜೆಇ (ಕಿರಿಯ ಎಂಜಿನಿಯರ್) ಸ್ಥಳದಲ್ಲಿ ಅಳತೆ ತೆಗೆದು ಎಂಬಿಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆಯಬೇಕು. ಎಇಇ ಚೆಕ್ ಮೆಜರ್‌ಮೆಂಟ್, ಅಂದರೆ ಆ ಅಳತೆಯ ಮರುಪರಿಶೀಲನೆ, ಮಾಡಬೇಕು. ಕಾಂಕ್ರೀಟ್ ಕ್ಯೂಬ್ 28 ದಿನದ ಟೆಸ್ಟ್ ಆಗಿ ಗುಣಮಟ್ಟದ ವರದಿ ಬರಬೇಕು. ಆಮೇಲೆ ಬಿಲ್ ಡಿವಿಜನ್‌ಗೆ ಹೋಗುತ್ತದೆ, ಅಲ್ಲಿ ಲೆಕ್ಕಪತ್ರ ಶಾಖೆಯವರು ಟೆಂಡರ್ ದರ, ಹಿಂದಿನ ಬಿಲ್, ಕಡಿತ ಎಲ್ಲ ನೋಡುತ್ತಾರೆ. ಇಇ (ಕಾರ್ಯಪಾಲಕ ಎಂಜಿನಿಯರ್) ಪಾಸ್ ಮಾಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಅನುದಾನಕ್ಕೆ ಕಾಯಬೇಕು. ಅದು ಬಿಡುಗಡೆಯಾದ ಮೇಲೆ ಖಜಾನೆ-2 ಅನ್ನುವ ಸರ್ಕಾರಿ ಖಜಾನೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬಿಲ್ ಹೋಗಿ ನಿಮ್ಮ ಖಾತೆಗೆ ದುಡ್ಡು.

'ಬೇರೆ ಹೆಡ್' ಅನ್ನುವುದು ಎಲ್ಲ ಸಲವೂ ಸುಳ್ಳಲ್ಲ. ರಸ್ತೆ ಹೊಸದಾಗಿ ಮಾಡಿದರೆ 5054, ರಿಪೇರಿ ಆದರೆ 3054, ಶಾಲಾ ಕಟ್ಟಡ 4202ರಲ್ಲಿ ಬರಬಹುದು, ನಬಾರ್ಡ್ ಸಾಲದ್ದು ಬೇರೆ, ಪರಿಶಿಷ್ಟರಿಗೆ ಮೀಸಲಿಟ್ಟ ಎಸ್‌ಸಿಪಿ-ಟಿಎಸ್‌ಪಿ ದುಡ್ಡು ಬೇರೆ. ಒಂದು ಹೆಡ್‌ನಲ್ಲಿ ದುಡ್ಡು ಇದ್ದು ಇನ್ನೊಂದರಲ್ಲಿ ಇಲ್ಲದೆ ಹೋಗುವುದು ಮಾಮೂಲು. ಹಾಗಾಗಿ ಪಟ್ಟಿ ಹಾಕುವುದಾದರೆ ಹೆಡ್‌ವಾರು ಹಾಕಬೇಕು. ಇಲ್ಲದಿದ್ದರೆ ಜನಕ್ಕೆ ತಪ್ಪು ಚಿತ್ರ ಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಜ್ಯೇಷ್ಠತೆ ಅಂದರೆ ಯಾವ ದಿನಾಂಕದಿಂದ? ಎಲ್ಲ ಆಟವೂ ಇಲ್ಲೇ. ಕೆಲಸ ಮುಗಿದ ದಿನವಾ, ಎಂಬಿ ಬರೆದ ದಿನವಾ, ಡಿವಿಜನ್‌ನಲ್ಲಿ ಬಿಲ್ ನೋಂದಣಿಯಾದ ದಿನವಾ? ಸಾಮಾನ್ಯವಾಗಿ ಹಿಡಿಯುವುದು ಕೊನೆಯದನ್ನು. ಇಬ್ಬರು ಒಂದೇ ದಿನ ಕೆಲಸ ಮುಗಿಸಿರುತ್ತಾರೆ. ಒಬ್ಬರ ಎಂಬಿ ವಾರದಲ್ಲಿ ಮೇಲಕ್ಕೆ ಹೋಗುತ್ತದೆ, ಇನ್ನೊಬ್ಬರದು ಸಬ್ ಡಿವಿಜನ್ ಬೀರುವಿನಲ್ಲಿ ಎರಡು ತಿಂಗಳು ಕೂರುತ್ತದೆ. ರಿಜಿಸ್ಟರ್ ತೆಗೆದು ನೋಡಿದರೆ ಜ್ಯೇಷ್ಠತೆ ಅಕ್ಷರಶಃ ಪಾಲನೆಯಾಗಿರುತ್ತದೆ. ಯಾವ ಆಡಿಟ್‌ನವರೂ ಆಕ್ಷೇಪ ಎತ್ತಲ್ಲ. ಅನ್ಯಾಯ ನಡೆದಿದ್ದು ರಿಜಿಸ್ಟರ್ ಶುರುವಾಗುವ ಮೊದಲು. ಅದಕ್ಕೇ ಹೇಳುತ್ತೇನೆ, ಪಟ್ಟಿಯಲ್ಲಿ ಒಂದು ದಿನಾಂಕ ಸಾಲದು, ಎಲ್ಲ ಹಂತದ ದಿನಾಂಕ ಇರಬೇಕು.

ಊರ ರಸ್ತೆ

ನಾನು ಗುತ್ತಿಗೆದಾರನಲ್ಲ, ಸರ್ಕಾರಿ ನೌಕರನೂ ಅಲ್ಲ. ನಮ್ಮ ಏರಿಯಾ ರಸ್ತೆ ವಿಷಯಕ್ಕೆ ಆರ್‌ಟಿಐ ಹಾಕಿ ಹಾಕಿ ಈ ಲೋಕ ಪರಿಚಯವಾಯಿತು. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗುತ್ತಿಗೆದಾರರಿಗೆ ದುಡ್ಡು ತಡವಾದರೆ ತೆರಿಗೆ ಕಟ್ಟುವ ನನಗೇನು? ನನಗೆ ಬೇಕಿರುವುದು ಮೊದಲ ಮಳೆಗೆ ಕಿತ್ತುಹೋಗದ ರಸ್ತೆ. ಕಮಿಷನ್ ವಿಷಯ ಯಾಕೆ ಯಾರೂ ಎತ್ತುತ್ತಿಲ್ಲ? 2021ರಲ್ಲಿ ಗುತ್ತಿಗೆದಾರರ ಸಂಘದ ಅಧ್ಯಕ್ಷರಾಗಿದ್ದ ಕೆಂಪಣ್ಣ ಅವರು ಪ್ರಧಾನಿಗೇ ಪತ್ರ ಬರೆದು ಶೇ 40ರ ಆರೋಪ ಮಾಡಿದರು. 2023ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮಾಡಿದರು, 2025ರ ಮಾರ್ಚ್‌ನಲ್ಲಿ ಅದರ ವರದಿ ಸಲ್ಲಿಕೆಯಾಯಿತು. ಇಷ್ಟು ದೊಡ್ಡ ವಿಷಯ ಬಿಟ್ಟು ಪಟ್ಟಿ ಕೇಳುತ್ತಿದ್ದೀರಿ.

ತುಂಗಾತೀರ

ಬೇಜಾರೇನಿಲ್ಲ ಸರ್, ನೀವು ಕೇಳಿದ್ದು ನ್ಯಾಯವಾಗಿದೆ. ಆದರೆ ಕಮಿಷನ್ ಹುಟ್ಟುವುದು ಎಲ್ಲಿ ಅಂತ ಯೋಚನೆ ಮಾಡಿ. ಟೆಂಡರ್ ಹಂತದ್ದು ಒಂದು. ಇನ್ನೊಂದು, ನನ್ನಂಥವರಿಗೆ ಜಾಸ್ತಿ ತಾಗುವುದು, ಬಿಲ್ ಹಂತದ್ದು. ನನ್ನ ಸರದಿ ಯಾವಾಗ ಅಂತ ನನಗೆ ಗೊತ್ತಿಲ್ಲ, ಅವರಿಗೆ ಗೊತ್ತು. 'ಈ ಸಲ ಸೇರಿಸುತ್ತೇನೆ, ನೋಡ್ಕೊಳ್ಳಿ' ಅನ್ನುವ ಮಾತಿಗೆ ಬೆಲೆ ಬರುವುದೇ ಪಟ್ಟಿ ಮುಚ್ಚಿಟ್ಟಿರುವುದರಿಂದ. ನನ್ನ ನಂಬರ್ 41 ಅಂತ ಊರಿಗೇ ಕಂಡರೆ, 41ನ್ನು 12 ಮಾಡುತ್ತೇನೆ ಅಂತ ಯಾರು ಹೇಳುತ್ತಾರೆ?

ಇನ್ನು ನಿಮಗೇನು ಅಂತ ಕೇಳಿದಿರಿ. ಒಂದು ಲೆಕ್ಕ ಕೊಡುತ್ತೇನೆ. 10 ಲಕ್ಷದ ಕೆಲಸ ಅಂತಿಟ್ಟುಕೊಳ್ಳಿ, ಅದರ ಮೇಲೆ ಜಿಎಸ್‌ಟಿ ಶೇ 18, ಅಂದರೆ 1.8 ಲಕ್ಷ. (2022ರ ಜುಲೈ 18ರ ತನಕ ಶೇ 12 ಇತ್ತು. ಆಗ ಶೇ 12 ಅಂತ ಟೆಂಡರ್ ತುಂಬಿ ಕೆಲಸ ಆಮೇಲೆ ಮುಗಿಸಿದವರು ಉಳಿದ ಶೇ 6ಕ್ಕೆ ಕಚೇರಿ ಕಚೇರಿ ಅಲೆದರು.) ಬಿಲ್‌ನಲ್ಲಿ ಹಿಡಿಯುವುದು: ಆದಾಯ ತೆರಿಗೆ ಟಿಡಿಎಸ್ 10 ಸಾವಿರ, ಜಿಎಸ್‌ಟಿ ಟಿಡಿಎಸ್ 20 ಸಾವಿರ, ಕಾರ್ಮಿಕ ಸೆಸ್ 10 ಸಾವಿರ, ಮರಳು ಜಲ್ಲಿಗೆ ರಾಜಧನ ಬೇರೆ, ಭದ್ರತಾ ಠೇವಣಿ ಬೇರೆ. ಟಿಡಿಎಸ್ ಆಮೇಲೆ ಜಮಾ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಕೈಗೆ ಬರುವ ದಿನ ಕಡಿಮೆ ಬರುತ್ತದೆ. ಇನ್‌ವಾಯ್ಸ್ ಕೊಟ್ಟರೆ ಮುಂದಿನ ತಿಂಗಳು 20ರೊಳಗೆ ಜಿಎಸ್‌ಟಿ ಕಟ್ಟಬೇಕು, ಸರ್ಕಾರ ನನಗೆ ದುಡ್ಡು ಕೊಟ್ಟಿರಲಿ ಬಿಡಲಿ. ತಡ ಮಾಡಿದರೆ ವರ್ಷಕ್ಕೆ ಶೇ 18 ಬಡ್ಡಿ. ಸರ್ಕಾರ ನನಗೆ ತಡ ಮಾಡಿದರೆ ಬಡ್ಡಿ ಇಲ್ಲ.

ಸಿಮೆಂಟ್, ಕಬ್ಬಿಣದ ಅಂಗಡಿಯವರು ಒಂದೆರಡು ತಿಂಗಳು ತಡೆಯುತ್ತಾರೆ. ಮೇಸ್ತ್ರಿ, ಕೂಲಿಯವರಿಗೆ ಶನಿವಾರ ಶನಿವಾರ ಬಟವಾಡೆ ಆಗಲೇಬೇಕು. ಹಾಗಾಗಿ ಕೈಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ. 10 ಲಕ್ಷಕ್ಕೆ ತಿಂಗಳಿಗೆ 20 ಸಾವಿರ. ಎಸ್ಟಿಮೇಟ್‌ನಲ್ಲಿ ನಮ್ಮ ಲಾಭ ಅಂತ ಸಾಮಾನ್ಯವಾಗಿ ಇಡುವುದು ಶೇ 10, ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ. ಐದು ತಿಂಗಳು ಬಿಲ್ ತಡವಾದರೆ ಲಾಭ ಪೂರ್ತಿ ಬಡ್ಡಿಗೇ ಹೋಯಿತು. ಆರನೇ ತಿಂಗಳಿಂದ ನಾನು ಸ್ವಂತ ದುಡ್ಡು ಹಾಕಿ ಸರ್ಕಾರಕ್ಕೆ ಶಾಲೆ ಕಟ್ಟಿಕೊಟ್ಟ ಹಾಗೆ. ಇದು ಗೊತ್ತಿರುವವನು ಮುಂದಿನ ಟೆಂಡರ್‌ನಲ್ಲಿ ಏನು ಮಾಡುತ್ತಾನೆ? ಒಂದೋ ಬಡ್ಡಿ ಸೇರಿಸಿ ಜಾಸ್ತಿ ಹಾಕುತ್ತಾನೆ. ಇಲ್ಲ ಕಡಿಮೆ ಹಾಕಿ ಸಿಮೆಂಟ್‌ನಲ್ಲಿ ಉಳಿಸುತ್ತಾನೆ. ನಿಮ್ಮ ರಸ್ತೆ ಕಿತ್ತುಹೋಗುವುದಕ್ಕೂ ಈ ಬಿಲ್‌ಗೂ ಸಂಬಂಧ ಇದೆ ಸರ್.

ಕಿತ್ತೂರು ಟ್ರೇಡರ್ಸ್

ನಮಸ್ಕಾರ್ರೀ. ನಾವು ಹುಬ್ಬಳ್ಳಿ ಕಡೆ ಫರ್ನಿಚರ್ ಮಾಡಿ ಕಚೇರಿಗಳಿಗೆ, ಹಾಸ್ಟೆಲ್‌ಗಳಿಗೆ ಕೊಡುತ್ತೇವೆ. ಬೆಂಚು, ಡೆಸ್ಕು, ಮಂಚ, ಕಪಾಟು. ಮಾಲು ಸಪ್ಲೈ ಮಾಡುವವರ ಕತೆ ಸ್ವಲ್ಪ ಬೇರೆ ಐತಿ, ಅದನ್ನೂ ಹೇಳುತ್ತೇನೆ ನೋಡ್ರಿ.

ಕೇಂದ್ರದ ಕಚೇರಿಗಳಿಗೆ ಜೆಮ್, ಅಂದರೆ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆ, ಕಡ್ಡಾಯ. 2016ರಲ್ಲಿ ಶುರುವಾಯಿತು, 2017ರ ಹಣಕಾಸು ನಿಯಮದಲ್ಲಿ ಗಟ್ಟಿಯಾಯಿತು, ಕೇಂದ್ರದ ಹಳೇ ಖರೀದಿ ಸಂಸ್ಥೆ ಡಿಜಿಎಸ್ ಅಂಡ್ ಡಿ ಅನ್ನೇ ಮುಚ್ಚಿದರು. ಜೆಮ್‌ನಲ್ಲಿ ಮಾಲು ತಲುಪಿದ 10 ದಿನದೊಳಗೆ ಸ್ವೀಕೃತಿ ಪತ್ರ, ಅದಕ್ಕೆ ಸಿಆರ್‌ಎಸಿ ಅಂತಾರೆ, ಕೊಡಬೇಕು. ಅದಾದ 10 ದಿನದಲ್ಲಿ ಪೇಮೆಂಟ್. ಎಲ್ಲಾ ಸಲ ಹಾಗೇ ಆಗುತ್ತದೆ ಅನ್ನಲ್ಲ. ಆದರೆ ಎಲ್ಲಿ ನಿಂತಿದೆ ಅಂತ ಸ್ಕ್ರೀನ್ ಮೇಲೆ ಕಾಣುತ್ತದೆ. ತಡವಾದರೆ ಇಂಥ ದಿನದಿಂದ ತಡ ಅಂತ ತೋರಿಸಿ ಮಾತಾಡಬಹುದು. ರಾಜ್ಯದ ಕಚೇರಿಗೆ ಅದೇ ಡೆಸ್ಕ್ ಕೊಟ್ಟರೆ ಫೋನ್ ಮಾಡುವುದೊಂದೇ ದಾರಿ, ಅದೂ ಎತ್ತಿದರೆ.

ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆ 2006ರ ಬಗ್ಗೆ ಭಾಳ ಜನಕ್ಕೆ ಗೊತ್ತಿಲ್ಲ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಗೆ ಖರೀದಿದಾರರು 45 ದಿನದೊಳಗೆ ದುಡ್ಡು ಕೊಡಬೇಕು. ಸರ್ಕಾರಿ ಕಚೇರಿಗೂ ಇದು ಅನ್ವಯ. ಕೊಡದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇಂಥ ಬಾಕಿ ವಿಚಾರಣೆ ಮಾಡುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಕೌನ್ಸಿಲ್ ತೀರ್ಪಿನ ಮೇಲೆ ಖರೀದಿದಾರರು ಕೋರ್ಟಿಗೆ ಹೋಗಬೇಕಾದರೆ ಶೇ 75 ಠೇವಣಿ ಇಡಬೇಕು. ಕಾಗದದ ಮೇಲೆ ಇಷ್ಟು ಗಟ್ಟಿ ಕಾನೂನು ಇದೆ. ಆದರೆ ವರ್ಷವಿಡೀ ಅದೇ ಕಚೇರಿಯಿಂದ ಆರ್ಡರ್ ತಗೊಳ್ಳುವವರು ಅವರ ಮೇಲೆ ಅರ್ಜಿ ಹಾಕಿದರೆ ಮುಂದಿನ ವರ್ಷ ಆ ಬಾಗಿಲು ತೆರೆಯುತ್ತದಾ? ಹಾಕುವವರು ಧಂದೆ ಬಿಡುವ ಮನಸ್ಸು ಮಾಡಿದವರೇ.

2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅಂತ ನಿಯಮ ಬಂತು. 45 ದಿನದೊಳಗೆ ಸಣ್ಣವರಿಗೆ ಕೊಡದಿದ್ದರೆ ಆ ಖರ್ಚನ್ನು ಆ ವರ್ಷ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಖಾಸಗಿ ಕಂಪನಿಗಳು 2024ರ ಮಾರ್ಚ್‌ನಲ್ಲಿ ಓಡೋಡಿ ಬಂದು ಬಾಕಿ ತೀರಿಸಿದವು. ಸರ್ಕಾರಿ ಇಲಾಖೆ ಆದಾಯ ತೆರಿಗೆ ಕಟ್ಟುವುದಿಲ್ಲವಲ್ಲ, ಅದಕ್ಕೆ ಈ ಬಿಸಿ ತಾಗಲೇ ಇಲ್ಲ. ಬರೀ ಮಾಲು ತಂದು ಮಾರುವ ವ್ಯಾಪಾರಿಗಳಿಗಂತೂ 45 ದಿನದ ರಕ್ಷಣೆಯೂ ಇಲ್ಲ. 2021ರಲ್ಲಿ ಅವರಿಗೆ ಎಂಎಸ್‌ಎಂಇ ಅಂತ ಕೊಟ್ಟಿದ್ದು ಬ್ಯಾಂಕ್ ಸಾಲದ ಮಟ್ಟಿಗೆ ಮಾತ್ರ.

ತುಂಗಾತೀರ

ಸರ್, ಈ 45 ದಿನದ ಮಾತು ನಮ್ಮಂಥ ಸಿವಿಲ್ ಗುತ್ತಿಗೆದಾರರಿಗೂ ಬರುತ್ತದಾ?

ಕಿತ್ತೂರು ಟ್ರೇಡರ್ಸ್

ಅಲ್ಲೇ ತೊಡಕಿದೆ. ಕಾಮಗಾರಿ ಗುತ್ತಿಗೆ ಈ ಕಾಯ್ದೆಯೊಳಗೆ ಬರಲ್ಲ ಅಂತ ಕೆಲವು ಹೈಕೋರ್ಟ್‌ಗಳು ಹೇಳಿವೆ. ನೀವು ವಕೀಲರನ್ನು ಕೇಳಿಯೇ ಮುಂದುವರಿಯಿರಿ, ನನ್ನ ಮಾತು ನಂಬಿ ಅರ್ಜಿ ಹಾಕಬೇಡಿ.

ಹೊಸ ಲೈಸೆನ್ಸ್

ಅಣ್ಣಂದಿರೇ, ನಾನು ರಾಯಚೂರು ಜಿಲ್ಲೆಯವನು, ಪರಿಶಿಷ್ಟ ಜಾತಿ. ಡಿಪ್ಲೊಮಾ ಸಿವಿಲ್ ಮುಗಿಸಿ ಲೈಸೆನ್ಸ್ ಮಾಡಿಸಿದ್ದೇನೆ. ಗುತ್ತಿಗೆಯಲ್ಲಿ ಮೀಸಲಾತಿ ಇಲ್ಲದಿದ್ದರೆ ನನಗೆ ಮೊದಲ ಕೆಲಸ ಸಿಗುತ್ತಲೇ ಇರಲಿಲ್ಲ. ಶೇ 17.15 ಎಸ್‌ಸಿ, 6.95 ಎಸ್‌ಟಿ, ಮೊದಲು 50 ಲಕ್ಷದೊಳಗಿನ ಕೆಲಸಕ್ಕೆ ಇತ್ತು, ಆಮೇಲೆ 1 ಕೋಟಿ ಮಾಡಿದರು. ಹಿಂದುಳಿದ ವರ್ಗಗಳ ಪ್ರವರ್ಗ-1, 2ಎ ಸೇರಿಸಿದರು. 2025ರ ಮಾರ್ಚ್‌ನಲ್ಲಿ 2 ಕೋಟಿಗೆ ಏರಿಸುವ, 2ಬಿಗೂ ಶೇ 4 ಕೊಡುವ ಮಸೂದೆ ಪಾಸಾಯಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಳಿಸಿದರು. ಟಿವಿಯಲ್ಲಿ ಜಗಳ ಎಲ್ಲ ಇದರ ಮೇಲೇ.

ಆದರೆ ನಮ್ಮ ಕಡೆ ನಿಜವಾದ ತೊಂದರೆ ಎರಡು. ಒಂದು ಪ್ಯಾಕೇಜ್. ಬೇರೆ ಬೇರೆ ಹಳ್ಳಿಯ 40 ಲಕ್ಷದ ಹತ್ತು ಕೆಲಸ ಸೇರಿಸಿ 4 ಕೋಟಿಯ ಒಂದೇ ಟೆಂಡರ್ ಕರೆದರೆ ಮೀಸಲಾತಿ ಮಿತಿಯಿಂದ ಹೊರಗೆ ಹೋಯಿತು. ನಾನು ಆ ಟೆಂಡರ್‌ಗೆ ಅರ್ಹನೇ ಅಲ್ಲ. ದೊಡ್ಡವರು ತಗೊಂಡು ಅದೇ ಹತ್ತು ಕೆಲಸವನ್ನು ನಮ್ಮಂಥವರಿಗೇ ಪೀಸ್ ವರ್ಕ್, ಅಂದರೆ ಒಳಗುತ್ತಿಗೆ, ಕೊಡುತ್ತಾರೆ. ಕೆಲಸ ಮಾಡುವವನು ನಾನೇ, ಅನುಭವ ಪ್ರಮಾಣಪತ್ರ ಅವರ ಹೆಸರಿಗೆ, ದುಡ್ಡಿನಲ್ಲಿ ಪಾಲೂ ಅವರಿಗೆ.

ಎರಡನೆಯದು ಬಿಲ್. ಹಳಬರಿಗೆ ನಾಲ್ಕು ಕಡೆ ಕೆಲಸ ಇರುತ್ತದೆ, ಒಂದು ಕಡೆ ನಿಂತರೂ ಇನ್ನೊಂದು ಕಡೆ ದುಡ್ಡು ಬರುತ್ತದೆ. ನನಗೆ ಇರುವುದೇ ಒಂದು ಕೆಲಸ. ಅಕ್ಕನ ಒಡವೆ ಬ್ಯಾಂಕಿನಲ್ಲಿದೆ. ಆ ಒಂದು ಬಿಲ್ ಬರುವ ತನಕ ಮುಂದಿನ ಟೆಂಡರ್‌ಗೆ ಇಎಂಡಿ (ಟೆಂಡರ್ ಹಾಕುವಾಗ ಇಡುವ ಠೇವಣಿ) ಕಟ್ಟುವುದಕ್ಕೂ ಇಲ್ಲ. ಮೀಸಲಾತಿ ಬಾಗಿಲು ತೆರೆಯಿತು, ಒಳಗೆ ಬಂದವನು ಉಳಿಯುವುದು ಬಿಲ್ ಸರಿಯಾಗಿ ಬಂದರೆ ಮಾತ್ರ. ಬಾಕಿ ಪಟ್ಟಿ ಮಾಡುವಾಗ ಮೀಸಲು ಕಾಮಗಾರಿಗಳ ಬಿಲ್ ಎಷ್ಟು ದಿನ ತಡ ಅಂತ ಬೇರೆಯಾಗಿ ತೋರಿಸಿದರೆ, ಈ ಮೀಸಲಾತಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಸರ್ಕಾರಕ್ಕೇ ಗೊತ್ತಾಗುತ್ತದೆ.

ಹಳೇ ಎಂಬಿ

ತಮ್ಮಾ, ನೀನು ಹೇಳಿದ ಪ್ಯಾಕೇಜ್ ಮಾತು ನೂರಕ್ಕೆ ನೂರು ನಿಜ. ಒಂದು ಸೇರಿಸುತ್ತೇನೆ. ಕಾಮಗಾರಿಗಳ ಕೆಡಬ್ಲ್ಯು-4 ಅನ್ನುವ ಮಾದರಿ ಟೆಂಡರ್ ದಾಖಲೆಯಲ್ಲಿ ಬಿಡ್ ಕೆಪಾಸಿಟಿ, ಅಂದರೆ ಎಷ್ಟು ದೊಡ್ಡ ಕೆಲಸಕ್ಕೆ ಟೆಂಡರ್ ಹಾಕಬಹುದು, ಅಂತ ಲೆಕ್ಕ ಇದೆ. ಹಿಂದಿನ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತವನ್ನು ಒಂದೂವರೆಯಿಂದ, ಮತ್ತೆ ಹೊಸ ಕೆಲಸದ ಅವಧಿಯಿಂದ ಗುಣಿಸಬೇಕು. ಅದರಿಂದ ಕೈಯಲ್ಲಿ ಬಾಕಿ ಇರುವ ಕೆಲಸಗಳ ಮೊತ್ತ ಕಳೆಯಬೇಕು. ಉಳಿದಷ್ಟೇ ನಿಮ್ಮ ಶಕ್ತಿ. ಈಗ ನೋಡಿ, ರನ್ನಿಂಗ್ ಬಿಲ್ (ಕೆಲಸದ ನಡುವೆ ಕೊಡುವ ಬಿಲ್) ಬರದೆ ಕೆಲಸ ಅರ್ಧಕ್ಕೆ ನಿಂತರೆ ಕಳೆಯುವ ಭಾಗ ಹಾಗೇ ಉಳಿಯುತ್ತದೆ. ಹೊಸ ಕೆಲಸ ಮಾಡಿಲ್ಲದ್ದರಿಂದ ಗುಣಿಸುವ ಭಾಗವೂ ಬೆಳೆಯಲ್ಲ. ದುಡ್ಡು ಕೊಡದೆ ಇದ್ದದ್ದು ಇಲಾಖೆ, ಅನರ್ಹನಾದದ್ದು ಗುತ್ತಿಗೆದಾರ. ಸೇವೆಯಲ್ಲಿದ್ದಾಗ ಇಂಥ ಟೆಕ್ನಿಕಲ್ ಬಿಡ್‌ಗಳನ್ನು ತಿರಸ್ಕರಿಸುವ ಟಿಪ್ಪಣಿಗೆ ಸಹಿ ಮಾಡುವಾಗ ಮನಸ್ಸಿಗೆ ಕಷ್ಟ ಆಗುತ್ತಿತ್ತು. ನಿಯಮ ಹಾಗಿದೆ, ಬೇರೆ ದಾರಿ ಇಲ್ಲ.

ಬೇರಿನ ಕಾರಣವನ್ನೂ ಹೇಳಿಬಿಡುತ್ತೇನೆ. ಬಜೆಟ್‌ನಲ್ಲಿ 100 ರೂಪಾಯಿ ಇಟ್ಟು 300 ರೂಪಾಯಿಯ ಕೆಲಸಕ್ಕೆ ಮಂಜೂರಾತಿ ಕೊಟ್ಟರೆ 200 ರೂಪಾಯಿ ಬಾಕಿ ಟೆಂಡರ್ ಕರೆಯುವ ದಿನವೇ ಹುಟ್ಟಿರುತ್ತದೆ. ಇದು ಉದಾಹರಣೆಗೆ ಹೇಳಿದ ಲೆಕ್ಕ, ಆದರೆ ನಡೆಯುವುದು ಹೀಗೇ. ಚುನಾವಣೆಗೆ ಮುಂಚಿನ ವರ್ಷ ಇದು ಜಾಸ್ತಿ. ಪಟ್ಟಿ ಬಹಿರಂಗ ಆದರೆ ಹೊಸ ಟೆಂಡರ್ ಹಾಕುವವನು ಆ ಹೆಡ್‌ನಲ್ಲಿ ಈಗಾಗಲೇ ಎಷ್ಟು ಬಾಕಿ ಇದೆ ಅಂತ ನೋಡಿಯೇ ಹಾಕಬಹುದು.

ಪಂಚಾಯ್ತಿ ಕಟ್ಟೆ

ನಾನು ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದವಳು, ತುಮಕೂರು ಕಡೆ. ನೀವೆಲ್ಲ ಟೆಂಡರ್ ಆದ ಕೆಲಸದ ಬಗ್ಗೆ ಮಾತಾಡುತ್ತಿದ್ದೀರಿ. ಟೆಂಡರೇ ಇಲ್ಲದ ಕೆಲಸಗಳ ಮಾತೇನು? ಕೆಟಿಪಿಪಿ ಕಾಯ್ದೆಯ 4(ಜಿ)ಯಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಟೆಂಡರ್ ಬೇಡ. ಕಟ್ಟಡ ಕೆಲಸ ಮಾಡುವ ಸರ್ಕಾರಿ ಸಂಸ್ಥೆಗಳಾದ ಕೆಆರ್‌ಐಡಿಎಲ್‌ಗೆ, ಅದೇ ಹಿಂದಿನ ಭೂಸೇನೆಗೆ, ನಿರ್ಮಿತಿ ಕೇಂದ್ರಕ್ಕೆ ಇದರ ಮೇಲೆ ನೇರವಾಗಿ ಕೆಲಸ ಹೋಗುತ್ತದೆ. ತುರ್ತು ಇದ್ದರೆ 4(ಎ) ಇದೆ. ಕೋವಿಡ್ ಕಾಲದ ಖರೀದಿಗಳು ಆಮೇಲೆ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗದ ಮುಂದೆ ಬಂದವಲ್ಲ. ತುರ್ತು ಸಮಯದಲ್ಲಿ ವಿನಾಯಿತಿ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚರಂಡಿಗೆ ಏನು ತುರ್ತು?

ನಮ್ಮ ಊರಲ್ಲಿ ಹೀಗೆ ಒಂದು ಸಮುದಾಯ ಭವನ ಕಟ್ಟಿದರು. ಯಾರು ಕಟ್ಟುತ್ತಿದ್ದಾರೆ ಅಂತ ಬೋರ್ಡ್‌ನಲ್ಲಿ ಸಂಸ್ಥೆ ಹೆಸರು. ಅಲ್ಲಿ ನಿಂತು ಕೆಲಸ ಮಾಡಿಸುತ್ತಿದ್ದವರು ಬೇರೆ, ಅವರಿಗೂ ಬೇರೆಯವರು ಕೊಟ್ಟಿದ್ದರಂತೆ. ತಾರಸಿ ಸೋರಿದಾಗ ಯಾರನ್ನು ಕೇಳಬೇಕು ಅಂತ ಕೊನೆಗೂ ಗೊತ್ತಾಗಲಿಲ್ಲ. ಹಾಗಾಗಿ ಪಟ್ಟಿ ಬಂದರೆ 4(ಜಿ) ಕೆಲಸಗಳೂ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಇರುವ ಅನುದಾನ ಆ ಕಡೆ ಹೋಗಿ ಟೆಂಡರ್‌ನವರು ಕಾಯುತ್ತಲೇ ಇರುತ್ತಾರೆ.

ಆಗಲ್ಲ ಅನ್ನುವವರಿಗೆ ಒಂದು ಮಾತು. ನರೇಗಾದಲ್ಲಿ ಇಷ್ಟು ವರ್ಷ ಪ್ರತಿ ಎನ್‌ಎಂಆರ್ (ಹಾಜರಿ ಪಟ್ಟಿ), ಪ್ರತಿ ಕೂಲಿಕಾರರ ಹೆಸರು, ಎಫ್‌ಟಿಓ (ಹಣ ವರ್ಗಾವಣೆ ಆದೇಶ) ಯಾವತ್ತು ಹೋಯಿತು, ದುಡ್ಡು ಜಮಾ ಆಯಿತಾ ತಿರಸ್ಕೃತ ಆಯಿತಾ, ಎಲ್ಲ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ನಾವು ಹೆಂಗಸರು ಮೊಬೈಲ್‌ನಲ್ಲಿ ಅದನ್ನು ತೆಗೆದು ಪಿಡಿಒ ಮುಂದೆ ಇಡುತ್ತಿದ್ದೆವು. 'ಮೇಡಂ, ನಮ್ಮ ಎಫ್‌ಟಿಓ ಇಂಥ ತಾರೀಖಿನಿಂದ ಎರಡನೇ ಸಹಿಗೆ ಕಾಯುತ್ತಿದೆ, ಯಾಕೆ?' ಅಂತ ಕೇಳಿದರೆ ಅವರ ಹತ್ತಿರ 'ಮೇಲಿಂದ ಬಂದಿಲ್ಲ' ಅನ್ನುವ ಉತ್ತರ ಇರುತ್ತಿರಲಿಲ್ಲ. ಅವತ್ತೇ ಸಹಿ ಬೀಳುತ್ತಿತ್ತು. ಕೂಲಿಯವರ ಕೆಲವು ನೂರು ರೂಪಾಯಿಗೆ ಇಷ್ಟು ತೋರಿಸಲು ಆಗುತ್ತದೆ, ಕೋಟಿಗಟ್ಟಲೆ ಬಿಲ್‌ಗೆ ಆಗಲ್ಲ ಅಂದರೆ ಒಪ್ಪುವ ಮಾತಲ್ಲ. ಗ್ರಾಮೀಣಾಭಿವೃದ್ಧಿ ಇಲಾಖೆಯ ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶದಲ್ಲಿ ಕೆಲಸದ ಫೋಟೋ, ಬಿಲ್ ಎಲ್ಲ ಹಾಕುವ ವ್ಯವಸ್ಥೆ ಆಗಲೇ ಇದೆ. ಹೊಸದಾಗಿ ಕಂಡುಹಿಡಿಯುವುದು ಏನೂ ಇಲ್ಲ.

ಉಗ್ರಾಣ

ಫಾರ್ಮಸಿ ಕಡೆಯಿಂದ ಒಂದು ಮಾತು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಗ್ರಾಣ ನೋಡಿಕೊಳ್ಳುತ್ತೇನೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಸಂಶಯ ಬಂತು, ಅದರ ಬಳಕೆ ನಿಲ್ಲಿಸಿದರು, ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ಎಲ್ಲರೂ ಗುಣಮಟ್ಟ ಪರೀಕ್ಷೆ ಬಗ್ಗೆ ಮಾತಾಡಿದರು. ಸರಿ, ಅದು ಬೇಕೇ ಬೇಕು. ಆದರೆ ಟೆಂಡರ್‌ಗೆ ಯಾರು ಬರುತ್ತಾರೆ ಅನ್ನುವುದೂ ಮುಖ್ಯ ಅಲ್ವಾ? ದುಡ್ಡು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಕಡೆ ಒಳ್ಳೆಯ ಹೆಸರಿರುವ ತಯಾರಕರು ಬಿಡ್ ಹಾಕುವುದೇ ಇಲ್ಲ. ಇಬ್ಬರೋ ಮೂವರೋ ಉಳಿಯುತ್ತಾರೆ, ಅವರಲ್ಲಿ ಎಲ್-1. ಇಂಥ ಸಾವಿಗೆ ಬಿಲ್ ತಡ ಕಾರಣ ಅಂತ ನಾನು ಹೇಳುತ್ತಿಲ್ಲ. ಸ್ಪರ್ಧೆ ಕಡಿಮೆಯಾದಷ್ಟೂ ಆಯ್ಕೆ ಕಡಿಮೆ, ಅಷ್ಟನ್ನು ನಾನು ದಿನಾ ನೋಡುತ್ತೇನೆ. ಸಪ್ಲೈ ಬರದೆ ಸ್ಟಾಕ್ ಖಾಲಿಯಾದರೆ ಸ್ಥಳೀಯವಾಗಿ ಅಂಗಡಿಯಿಂದ ಕೊಳ್ಳುತ್ತೇವೆ, ಅದರ ದರ ಜಾಸ್ತಿ.

ಊರ ರಸ್ತೆ

ಮೇಲೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್. ಈಗ ನನಗೆ ಗೊತ್ತಿರುವ ಕಡೆಯಿಂದ ಸಹಾಯ ಮಾಡುತ್ತೇನೆ.

ಕಾನೂನು ಆಗಲೇ ಇದೆ. ಆರ್‌ಟಿಐ ಕಾಯ್ದೆಯ 4(1)(ಬಿ) ಪ್ರಕಾರ ಬಜೆಟ್ ಹಂಚಿಕೆ ಮತ್ತು ಹಣ ಪಾವತಿಯ ವರದಿಯನ್ನು ಯಾರೂ ಕೇಳದಿದ್ದರೂ ಇಲಾಖೆ ತಾನಾಗಿ ಪ್ರಕಟಿಸಬೇಕು. 2013ರಲ್ಲಿ ಕೇಂದ್ರದ ಸಿಬ್ಬಂದಿ ಇಲಾಖೆ ಮಾರ್ಗಸೂಚಿ ಹೊರಡಿಸಿತು, ಅದರಲ್ಲಿ ಖರೀದಿ ವಿವರ, ದರ, ಒಟ್ಟು ಮೊತ್ತ ಎಲ್ಲ ಹಾಕಬೇಕು ಅಂತಿದೆ. ಅದು ಕೇಂದ್ರದ ಕಚೇರಿಗಳಿಗೆ, ಆದರೆ ರಾಜ್ಯಕ್ಕೂ ದಾರಿ ತೋರಿಸುತ್ತದೆ. ನಮ್ಮಲ್ಲಿ ಮಾಹಿತಿ ಕಣಜ ಅಂತ ಪೋರ್ಟಲ್ ಇದೆ, 2021ರಿಂದ. ಪಡಿತರ, ಪಿಂಚಣಿ, ಪಂಚಾಯ್ತಿ ಕೆಲಸಗಳ ಮಾಹಿತಿ ಅಲ್ಲಿ ಬರುತ್ತದೆ. ಕೆಪಿಪಿಪಿಯಲ್ಲಿ ಆಗಲ್ಲ ಅಂದರೆ ಅಲ್ಲಿ ಹಾಕಲಿ. ಖಜಾನೆ-2ರಲ್ಲಿ ಎಲ್ಲ ಬಿಲ್‌ಗೂ ನಂಬರ್ ಇದ್ದೇ ಇದೆ, ಟೆಂಡರ್‌ಗೆ ಇಂಡೆಂಟ್ ನಂಬರ್, ಅಂದರೆ ಅದರ ಗುರುತಿನ ನಂಬರ್, ಇದೆ. ಎರಡನ್ನೂ ಜೋಡಿಸಬೇಕು, ಅಷ್ಟೇ.

ಬೆಂಗಳೂರಿನವರಿಗೆ ಇನ್ನೂ ಅವಸರ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಕೆಳಗೆ ಐದು ಪಾಲಿಕೆ ಆದವು. ಹಳೇ ಬಿಲ್‌ಗಳು ಯಾವ ಪಾಲಿಕೆಯ ಪುಸ್ತಕಕ್ಕೆ ಎಷ್ಟು ಹೋದವು ಅಂತ ವಾರ್ಡ್‌ವಾರು ಈಗಲೇ ಬರೆದಿಡದಿದ್ದರೆ ಆಮೇಲೆ ಹುಡುಕುವುದು ಕಷ್ಟ.

ಹಳೇ ಎಂಬಿ

ನನಗೆ ಒಂದು ಭಯ ಇದೆ, ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಗುತ್ತಿಗೆದಾರರ ಹೆಸರು, ಮೊತ್ತ, ಸರದಿ ಎಲ್ಲ ಬಂದರೆ ಬಡ್ಡಿಯವರು, ದಲ್ಲಾಳಿಗಳು ಅದನ್ನೇ ಹಿಡಿದುಕೊಂಡು ಮನೆ ಬಾಗಿಲಿಗೆ ಬರುತ್ತಾರೆ. ಇನ್ನೊಂದು, ಪಟ್ಟಿಗೆ ಹೆದರಿ ಕೆಳಗಿನವರು ಎಂಬಿ ಬರೆಯುವುದನ್ನೇ ಮುಂದೂಡಬಹುದು. ಬಿಲ್ ನೋಂದಣಿಯೇ ಆಗದಿದ್ದರೆ ಬಾಕಿ ಕಡಿಮೆ ಕಾಣುತ್ತದೆ, ವರದಿ ಚೆನ್ನಾಗಿ ಕಾಣುತ್ತದೆ.

ಹೊಸ ಲೈಸೆನ್ಸ್

ಸರ್, ಬಡ್ಡಿಯವರಿಗೆ ಈಗಲೂ ನಮ್ಮ ಬಾಕಿ ಎಷ್ಟು ಅಂತ ಕಚೇರಿಯಿಂದಲೇ ಗೊತ್ತಾಗುತ್ತದೆ. ಗೊತ್ತಿಲ್ಲದೆ ಇರುವುದು ನಮಗೆ ಮಾತ್ರ. ಹೆಸರು ಬೇಡ ಅಂದರೆ ಟೆಂಡರ್ ಇಂಡೆಂಟ್ ನಂಬರ್ ಸಾಕು. ನಮ್ಮ ನಂಬರ್ ನಮಗೆ ಗೊತ್ತಿರುತ್ತದೆ.

ಪಂಚಾಯ್ತಿ ಕಟ್ಟೆ

ಎಂಬಿ ಮುಂದೂಡುವುದಕ್ಕೆ ನನ್ನ ಹತ್ತಿರ ಉಪಾಯ ಇದೆ. ಕೆಲಸ ಮುಗಿದ ದಿನ ಗುತ್ತಿಗೆದಾರರೇ ಪೋರ್ಟಲ್‌ನಲ್ಲಿ ಫೋಟೋ ಹಾಕಿ 'ಮುಗಿದಿದೆ' ಅಂತ ನಮೂದಿಸುವ ಹಾಗಿರಲಿ, ಜಾಗ ಮತ್ತು ಸಮಯ ಫೋಟೋದಲ್ಲೇ ಬರಲಿ. ಶಾಲೆ ಆದರೆ ಎಸ್‌ಡಿಎಂಸಿ, ಅಂಗನವಾಡಿ ಆದರೆ ಬಾಲವಿಕಾಸ ಸಮಿತಿ ಹೌದು ಅನ್ನಲಿ. ದಿನ ಎಣಿಸುವುದು ಅಲ್ಲಿಂದ ಶುರುವಾಗಲಿ.

ತುಂಗಾತೀರ

ಇಷ್ಟು ಜನ ಮನಸ್ಸಿಟ್ಟು ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಎಲ್ಲರೂ ಹೇಳಿದ್ದನ್ನು ಸೇರಿಸಿ ಮನವಿ ಬರೆಯುತ್ತಿದ್ದೇನೆ, ಹಣಕಾಸು ಇಲಾಖೆಗೆ ಮತ್ತು ಇ-ಆಡಳಿತ ಇಲಾಖೆಗೆ. ಪ್ರತಿ ಬಿಲ್‌ಗೂ ಇಂಡೆಂಟ್ ನಂಬರ್, ಲೆಕ್ಕಶೀರ್ಷಿಕೆ, ಕೆಲಸ ಮುಗಿದ ದಿನ, ಎಂಬಿ ದಾಖಲಾದ ದಿನ, ಚೆಕ್ ಮೆಜರ್‌ಮೆಂಟ್ ದಿನ, ಡಿವಿಜನ್‌ನಲ್ಲಿ ನೋಂದಣಿ, ಪಾಸಾದ ದಿನ, ಪಾವತಿಯ ದಿನ. ಸರದಿ ಮೀರಿ ಕೊಟ್ಟರೆ ಯಾರ ಆದೇಶ, ಏನು ಕಾರಣ ಅಂತ ಒಂದು ಸಾಲು. 4(ಜಿ) ಕೆಲಸವಾದರೆ ಅದರ ಅಧಿಸೂಚನೆ ನಂಬರ್. ಮೀಸಲು ಕಾಮಗಾರಿ ಹೌದೋ ಅಲ್ಲವೋ. ಮಾಲು ಸಪ್ಲೈಗೆ ಎಂಬಿ ಬದಲು ಸ್ಟಾಕ್ ಬುಕ್‌ನಲ್ಲಿ ಏರಿಸಿದ ದಿನ, ಕಿತ್ತೂರು ಅಣ್ಣ, ಇದು ಸರಿಯಾ?

ಕಿತ್ತೂರು ಟ್ರೇಡರ್ಸ್

ಸರಿ ಐತಿ. ಅದರ ಜೊತೆ ಮಾಲು ಗೇಟಿಗೆ ಬಂದ ದಿನವೂ ಬೇಕು. ಡೆಸ್ಕ್ ಇಳಿಸಿ ಹೋಗಿ ತಿಂಗಳಾದ ಮೇಲೆ ಸ್ಟಾಕ್ ಬುಕ್‌ಗೆ ಏರಿಸುತ್ತಾರೆ. ಡೆಲಿವರಿ ಚಲನ್ ಮೇಲಿನ ಸೀಲ್ ತಾರೀಖು ಹಾಕಿ.

ಹಳೇ ಎಂಬಿ

ಗುಣಮಟ್ಟದ ವರದಿ ಬಂದ ದಿನವನ್ನೂ ಹಾಕಿ. ಜನಕ್ಕೆ ಅದೇ ಮುಖ್ಯ, ಊರ ರಸ್ತೆಯವರು ಒಪ್ಪುತ್ತಾರೆ. ಮತ್ತೆ ಪ್ರತಿ ವರ್ಷ ಮಾರ್ಚ್ 31ಕ್ಕೆ ಹೆಡ್‌ವಾರು ಒಟ್ಟು ಬಾಕಿ ಎಷ್ಟು ಅಂತ ಒಂದು ಸಾಲು ಕೇಳಿ, ಅದು ಬಜೆಟ್ ಚರ್ಚೆಗೆ ಬಳಕೆಯಾಗುತ್ತದೆ. ಕರಡು ಇಲ್ಲಿ ಹಾಕಿ, ಭಾಷೆ ನಾನು ತಿದ್ದಿಕೊಡುತ್ತೇನೆ.

ಊರ ರಸ್ತೆ

ಮನವಿಯ ಜೊತೆಗೇ ಅದೇ ವಿವರ ಕೇಳಿ ನಾನು ಒಂದು ಆರ್‌ಟಿಐ ಹಾಕುತ್ತೇನೆ, ಒಂದೇ ಡಿವಿಜನ್‌ಗೆ, ಒಂದೇ ಹೆಡ್‌ಗೆ. ಇಡೀ ರಾಜ್ಯದ್ದು ಕೇಳಿದರೆ 'ಮಾಹಿತಿ ಬೃಹತ್ತಾಗಿದೆ' ಅಂತ ವಾಪಸ್ ಬರುತ್ತದೆ. 5054ರಿಂದ ಶುರು ಮಾಡೋಣ. ಉತ್ತರ ಬಂದ ದಿನ ಇಲ್ಲೇ ಹಾಕುತ್ತೇನೆ.